ಗ್ಯಾರೇಜ್ ಕಟ್ಟೆ: ಚೈನು ಕೂಗಿದರೆ ಬಿಗಿ ಮಾಡುವುದೇ?

ಈ ಸಲ ಸಂಪಾದಕರು ಕಳಿಸಿದ ಲಕೋಟೆಯಲ್ಲಿ ಹದಿನೇಳು ಪತ್ರಗಳಿದ್ದವು. ಅವುಗಳಲ್ಲಿ ಹನ್ನೊಂದು ಚೈನಿನವು. ಮಳೆಗಾಲ ಮುಗಿಯುವ ಹೊತ್ತಿಗೆ ತೀರ್ಥಹಳ್ಳಿಯ ನನ್ನ ಗ್ಯಾರೇಜಿನ ಮುಂದೆಯೂ ಇದೇ ರಾಗ. ಗಾಡಿಯ ಸ್ಟ್ಯಾಂಡ್ ಹಾಕುವ ಮೊದಲೇ "ಚೈನು ಸ್ವಲ್ಪ ಬಿಗಿ ಮಾಡಿಕೊಡಿ, ಅರ್ಜೆಂಟ್ ಇದೆ" ಎನ್ನುತ್ತಾರೆ. ಮೂವತ್ತೊಂದು ವರ್ಷದಲ್ಲಿ "ಚೈನು ಸಡಿಲ ಮಾಡಿಕೊಡಿ" ಎಂದು ಕೇಳಿಕೊಂಡು ಬಂದವರು ಒಬ್ಬರೂ ಇಲ್ಲ. ಆದರೆ ಸಡಿಲ ಮಾಡಿ ಕಳಿಸಿದ ಗಾಡಿಗಳು ಲೆಕ್ಕವಿಲ್ಲದಷ್ಟಿವೆ. ಹೀಗಾಗಿ ಈ ಸಂಚಿಕೆಯನ್ನು ಪೂರ್ತಿ ಚೈನಿಗೇ ಬಿಟ್ಟಿದ್ದೇನೆ. ಕಾರ್ಬ್ಯುರೇಟರ್ ಬಗ್ಗೆ ಬರೆದವರು ಮುಂದಿನ ತಿಂಗಳವರೆಗೆ ಕಾಯಬೇಕು.

ನನ್ನದು 150 ಸಿಸಿ ಬೈಕು, 19,000 ಕಿ.ಮೀ. ಓಡಿದೆ. ಹೆಚ್ಚಿನ ಓಡಾಟವೆಲ್ಲ ತೋಟದ ಮಣ್ಣುರಸ್ತೆಯಲ್ಲಿ. ಎರಡು ತಿಂಗಳಿಂದ ಚೈನು ಕರಕರ ಎನ್ನುತ್ತಿದೆ. ಬಿಗಿ ಮಾಡಿಸಿದರೆ ವಾರದೊಳಗೆ ಮತ್ತೆ ಜೋಲುತ್ತದೆ. ಚೈನು ಮಾತ್ರ ಬದಲಿಸಿದರೆ ಸಾಲದೇ? ಸ್ಪ್ರಾಕೆಟ್‌ಗಳು (ಚೈನು ಸುತ್ತುವ ಹಲ್ಲುಚಕ್ರಗಳು) ಚೆನ್ನಾಗಿಯೇ ಇವೆ ಎಂದು ಇಲ್ಲಿನ ಮೆಕ್ಯಾನಿಕ್ ಹೇಳುತ್ತಾರೆ.
— ಕಾಫಿ ತೋಟದ ರೈಟರ್, ಮೂಡಿಗೆರೆ

ರೈಟರೇ, ತೋಟದ ಲೆಕ್ಕ ಬರೆಯುವವರು ನೀವು, ಚೈನಿಗೂ ಅಳತೆಯಿಂದಲೇ ಉತ್ತರ ಹುಡುಕೋಣ. ಚೆನ್ನಾಗಿದೆ, ಕೆಟ್ಟಿದೆ ಎಂಬುದು ಕಣ್ಣಂದಾಜಿನ ಮಾತು.

ಮೊದಲು ಒಂದು ತಪ್ಪು ಕಲ್ಪನೆ ಬಿಡಬೇಕು. ಚೈನು ರಬ್ಬರಿನಂತೆ ಎಳೆದು ಉದ್ದವಾಗುವುದಿಲ್ಲ. ಅದರ ಪ್ರತಿ ಕೀಲಿನಲ್ಲೂ ಒಂದು ಪಿನ್ನು, ಪಿನ್ನಿನ ಮೇಲೆ ಕೊಳವೆಯಂತಹ ಬುಷ್ಷು, ಬುಷ್ಷಿನ ಮೇಲೆ ತಿರುಗುವ ರೋಲರ್ ಇರುತ್ತವೆ. 1880ರಲ್ಲಿ ಮ್ಯಾಂಚೆಸ್ಟರಿನಲ್ಲಿ ಹಾನ್ಸ್ ರೆನೋಲ್ಡ್ ಎಂಬ ಸ್ವಿಸ್ ಮೂಲದ ಎಂಜಿನಿಯರ್ ಪೇಟೆಂಟ್ ಪಡೆದ ರಚನೆಯೇ ನಿಮ್ಮ ಬೈಕಿನಲ್ಲಿ ಇಂದಿಗೂ ಇದೆ. ಪಿನ್ನೂ ಬುಷ್ಷೂ ಒಂದನ್ನೊಂದು ತಿಕ್ಕಿ ಕೂದಲೆಳೆಯಷ್ಟು ಸವೆಯುತ್ತವೆ. ನೂರಕ್ಕೂ ಮೇಲ್ಪಟ್ಟ ಕೀಲುಗಳ ಸವೆತ ಒಟ್ಟು ಸೇರಿದಾಗ ಚೈನು ಉದ್ದವಾದಂತೆ ಕಾಣುತ್ತದೆ.

ಅಳೆಯುವ ಕ್ರಮ ಹೀಗಿದೆ. ಚೈನಿನ ಪಟ್ಟಿಯ ಮೇಲೆ ಅಚ್ಚೊತ್ತಿದ ಸಂಖ್ಯೆ ನೋಡಿ. ನಿಮ್ಮಂತಹ ಬೈಕುಗಳಲ್ಲಿ ಸಾಮಾನ್ಯವಾಗಿ 428 ಅಥವಾ 428ಎಚ್ ಎಂದಿರುತ್ತದೆ. ಮೊದಲ ಅಂಕಿ 4 ಎಂದರೆ ಪಿನ್ನಿನಿಂದ ಪಿನ್ನಿಗೆ ಎಂಟನೇ ನಾಲ್ಕು ಇಂಚು, ಅಂದರೆ ಅರ್ಧ ಇಂಚು, 12.7 ಮಿ.ಮೀ. ಕೊನೆಯ ಎರಡು ಅಂಕಿಗಳು ಒಳ ಅಗಲದ ಗುರುತು. ಎಚ್ ಎಂದರೆ ಪಟ್ಟಿಗಳು ದಪ್ಪ ಎಂದು ಮಾತ್ರ, ಕೀಲಿನ ಅಂತರ ಅದೇ. ಚೈನನ್ನು ಬಿಗಿಯಾಗಿ ಎಳೆದು ಹಿಡಿದು, ಇಪ್ಪತ್ತೊಂದು ಪಿನ್ನು ಎಣಿಸಿ, ಮೊದಲನೆಯದರ ನಡುವಿನಿಂದ ಕೊನೆಯದರ ನಡುವಿಗೆ ಸ್ಟೀಲ್ ಸ್ಕೇಲ್ ಇಡಿ. ಹೊಸ ಚೈನಾದರೆ 254 ಮಿ.ಮೀ. ಬರುತ್ತದೆ. 259 ದಾಟಿದರೆ ಅದರ ಆಯುಷ್ಯ ಮುಗಿದಂತೆ. ಒಂದೇ ಕಡೆ ಅಳೆದು ಸುಮ್ಮನಾಗಬೇಡಿ, ಚಕ್ರ ತಿರುಗಿಸಿ ಮೂರು ಜಾಗದಲ್ಲಿ ಅಳೆಯಿರಿ. ಚೈನು ಎಲ್ಲ ಕಡೆ ಒಂದೇ ಸಮನೆ ಸವೆಯುವುದಿಲ್ಲ.

ಕಳೆದ ವಾರ ನಿಮ್ಮ ಬೈಕಿನಂತಹದೇ ಒಂದು ಬಂದಿತ್ತು. ಚೈನು ಬಿಚ್ಚಿ ಹಳೆಯ ದಿನಪತ್ರಿಕೆಯ ಮೇಲೆ ಉದ್ದಕ್ಕೆ ಮಲಗಿಸಿ, ಪಕ್ಕದಲ್ಲಿ ಹೊಸದನ್ನೂ ಮಲಗಿಸಿದೆ. ಹೊಸದು 254, ಹಳೆಯದು 261. ಗಾಡಿಯ ಯಜಮಾನರು "ಏಳು ಮಿಲಿಮೀಟರು ತಾನೇ" ಎಂದು ನಕ್ಕರು. ಒಂದು ಕೀಲಿಗೆ 0.35 ಮಿ.ಮೀ. ಎಂದು ಲೆಕ್ಕ ಹಾಕಿ ತೋರಿಸಿದೆ. ಆಮೇಲೆ ಹಳೆಯ ಚೈನನ್ನು ಹೊಸ ಸ್ಪ್ರಾಕೆಟ್ಟಿನ ಮೇಲೆ ಸುತ್ತಿದೆ. ನಾಲ್ಕೈದು ಹಲ್ಲು ಸರಿಯಾಗಿ ಕೂತಿತು, ಮುಂದೆ ಒಂದೊಂದೇ ರೋಲರ್ ಹಲ್ಲಿನ ಬುಡ ಬಿಟ್ಟು ಮೇಲೇರುತ್ತ ಹೋಯಿತು. ಅವರ ನಗು ಅಲ್ಲಿಗೆ ನಿಂತಿತು.

ಇದನ್ನೇ ತಿರುಗುಮುರುಗು ಮಾಡಿದರೆ ನಿಮ್ಮ ಪ್ರಶ್ನೆಗೆ ಉತ್ತರ. ಹಳೆಯ ಚೈನಿನ ಉದ್ದಕ್ಕೆ ತಕ್ಕಂತೆ ಹಲ್ಲುಗಳೂ ಸವೆದು ತಮ್ಮ ಆಕಾರ ಬದಲಿಸಿಕೊಂಡಿರುತ್ತವೆ. ಅಂತಹ ಹಲ್ಲಿನ ಮೇಲೆ ಹೊಸ ಚೈನು ಹಾಕಿದರೆ ಭಾರವೆಲ್ಲ ಕೆಲವೇ ಹಲ್ಲುಗಳ ಮೇಲೆ ಬಿದ್ದು, ಹೊಸದು ಬೇಗನೆ ಹಳೆಯದರ ದಾರಿ ಹಿಡಿಯುತ್ತದೆ. ಮೆಕ್ಯಾನಿಕ್ ಬಹುಶಃ ಹಿಂದಿನ ದೊಡ್ಡ ಸ್ಪ್ರಾಕೆಟ್ ಮಾತ್ರ ನೋಡಿದ್ದಾರೆ. ಅದು ಒಮ್ಮೆ ತಿರುಗುವಾಗ ಮುಂದಿನ ಚಿಕ್ಕದು ಹೆಚ್ಚುಕಡಿಮೆ ಮೂರು ಸುತ್ತು ಹಾಕುತ್ತದೆ, ಮೊದಲು ಸವೆಯುವುದೂ ಅದೇ. ಎಡಗಡೆಯ ಕವರ್ ಬಿಚ್ಚಿಸಿ ನೋಡಿ. ಹಲ್ಲು ಒಂದೇ ಕಡೆಗೆ ಬಾಗಿ ಕುಡುಗೋಲಿನ ಮೂತಿಯಂತಾಗಿದ್ದರೆ ಚರ್ಚೆಯೇ ಬೇಡ, ಚೈನು, ಮುಂದಿನದು, ಹಿಂದಿನದು ಮೂರನ್ನೂ ಸೆಟ್ಟಾಗಿ ಬದಲಿಸಿ.

ವಾರಕ್ಕೊಮ್ಮೆ ಜೋಲುತ್ತದೆ ಎಂದು ಬರೆದಿದ್ದೀರಲ್ಲ, ಅಷ್ಟೇ ಸಾಕು, ನಿಮ್ಮದು 259 ದಾಟಿದೆ ಎಂದು ನನ್ನ ಊಹೆ. ಚೈನು ಬಿಗಿ ಮಾಡುವ ಅಡ್ಜಸ್ಟರ್ ಕೊನೆ ಮುಟ್ಟಿದಾಗ ಎರಡು ಕೊಂಡಿ ಕತ್ತರಿಸಿ ಮತ್ತೆ ಜೋಡಿಸಿಕೊಡುವವರೂ ಇದ್ದಾರೆ. ಆ ಉಳಿತಾಯಕ್ಕೆ ಒಪ್ಪಬೇಡಿ.

ಸೆಟ್ ಹಾಕಿಸುವ ದಿನ ಹಿಂದಿನ ಚಕ್ರದೊಳಗಿನ ಕಪ್ಲಿಂಗ್ ರಬ್ಬರನ್ನೂ ನೋಡಿಸಿ. ಆಕ್ಸಿಲರೇಟರ್ ಬಿಟ್ಟು ಹಿಡಿದಾಗಲೆಲ್ಲ ಟಕ್ ಎಂದು ಜಗ್ಗುತ್ತಿದ್ದರೆ ಚೈನಿನ ಪಾಪವೆಷ್ಟೋ ಆ ರಬ್ಬರಿನ ಪಾಪವೂ ಅಷ್ಟೇ ಇರಬಹುದು.

ದಿನವೂ ಬೆಳಿಗ್ಗೆ ಸಂಜೆ ಎರಡು ಕ್ಯಾನ್ ಹಾಲು ಕಟ್ಟಿಕೊಂಡು ಡೇರಿಗೆ ಹೋಗುತ್ತೇನೆ. ಭಾರಕ್ಕೆ ಚೈನು ಕಳಚಬಾರದೆಂದು ಪ್ರತಿ ಸೋಮವಾರ ಬಿಗಿ ಮಾಡಿಸುತ್ತೇನೆ. ಈಗ ಎಂಜಿನ್ ಕೆಳಗೆ ಆಯಿಲ್ ತೊಟ್ಟಿಕ್ಕುತ್ತಿದೆ. ಎಂಜಿನ್ ಇಳಿಸಬೇಕು ಎಂದರು. ನಿಜವೇ ಸ್ವಾಮಿ?
— ಹಾಲು ಸಾಗಿಸುವವರು, ಮದ್ದೂರು

ಎಂಜಿನ್ ಇಳಿಸುವ ಮೊದಲು ಮುಂದಿನ ಸ್ಪ್ರಾಕೆಟ್ಟಿನ ಕವರ್ ಇಳಿಸಿ ನೋಡಿ. ಒಳಗೆ ಕಪ್ಪು ಕೆಸರು ಅಂಗುಲ ದಪ್ಪ ಕೂತಿರುತ್ತದೆ. ಕೆರೆದು, ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಹತ್ತು ನಿಮಿಷ ಎಂಜಿನ್ ಓಡಿಸಿ ಆರಿಸಿ. ಸ್ಪ್ರಾಕೆಟ್ ಕೂತಿರುವ ಶಾಫ್ಟಿನ ಸುತ್ತ ಆಯಿಲ್ ಒಸರುತ್ತಿದ್ದರೆ ಸೋರುತ್ತಿರುವುದು ಅಲ್ಲಿನ ಆಯಿಲ್ ಸೀಲ್. ಹೆಚ್ಚಿನ ಬೈಕುಗಳಲ್ಲಿ ಅದನ್ನು ಹೊರಗಿನಿಂದಲೇ ಬದಲಿಸಬಹುದು. ಶಾಫ್ಟನ್ನು ಕೈಯಿಂದ ಮೇಲೆ ಕೆಳಗೆ ಅಲುಗಿಸಿ. ಆಟ ಕಂಡರೆ ಮಾತ್ರ ಬೇರಿಂಗೂ ಹೋಗಿದೆ, ಆಗ ಎಂಜಿನ್ ಬಿಚ್ಚುವ ಮಾತು.

ಇದನ್ನು ಮಾಡಿದ್ದು ಯಾರು ಎಂದರೆ ನಿಮ್ಮ ಸೋಮವಾರಗಳು. ಬೇಸರ ಮಾಡಿಕೊಳ್ಳಬೇಡಿ, ಕಾರಣ ಹೇಳುತ್ತೇನೆ.

ಗಾಡಿ ಖಾಲಿ ನಿಂತಾಗ ಹಿಂದಿನ ಚಕ್ರ ತುಸು ಕೆಳಗೆ ಇಳಿದಿರುತ್ತದೆ. ಭಾರ ಹೇರಿದಂತೆ ಶಾಕ್ ಅಬ್ಸಾರ್ಬರ್ ಕುಗ್ಗಿ ಚಕ್ರ ಮೇಲೇರುತ್ತದೆ. ಹಾಗೆ ಏರುವಾಗ ಮುಂದಿನ ಸ್ಪ್ರಾಕೆಟ್ಟಿಗೂ ಹಿಂದಿನದಕ್ಕೂ ನಡುವಿನ ದೂರ ಹೆಚ್ಚುತ್ತ ಹೋಗುತ್ತದೆ. ಹಿಂದಿನ ಚಕ್ರದ ಆಕ್ಸಲ್, ಆ ಚಕ್ರವನ್ನು ಹಿಡಿದ ಸ್ವಿಂಗ್ ಆರ್ಮಿನ ಬೋಲ್ಟು, ಮುಂದಿನ ಸ್ಪ್ರಾಕೆಟ್ ಮೂರೂ ಒಂದೇ ಗೆರೆಗೆ ಬಂದಾಗ ಆ ದೂರ ಅತಿ ಹೆಚ್ಚು. ಖಾಲಿ ಗಾಡಿಯಲ್ಲಿ ವೀಣೆಯ ತಂತಿಯಂತೆ ಬಿಗಿದ ಚೈನಿಗೆ ಆಗ ಹೋಗಲು ಜಾಗವೆಲ್ಲಿದೆ? ಅದು ಗೇರ್ ಬಾಕ್ಸಿನ ಶಾಫ್ಟನ್ನು ಹಿಂದಕ್ಕೆ ಜಗ್ಗುತ್ತದೆ. ನಲವತ್ತು ಲೀಟರಿನ ಎರಡು ಕ್ಯಾನ್ ಎಂದರೆ ಹಾಲಿನ ತೂಕವೇ 80 ಕೆ.ಜಿ. ದಾಟುತ್ತದೆ, ಮೇಲೆ ನೀವೂ ಕ್ಯಾನುಗಳೂ. ಪ್ರತಿ ಹಳ್ಳದಲ್ಲೂ ಸೀಲಿಗೂ ಬೇರಿಂಗಿಗೂ ಒಂದೊಂದು ಗುದ್ದು.

ಸಾಮಾನ್ಯ ಬೈಕುಗಳಿಗೆ ಕೆಳಗಿನ ಸಾಲಿನ ನಡುಭಾಗದಲ್ಲಿ ಚೈನು ಮೇಲೆ ಕೆಳಗೆ 20ರಿಂದ 30 ಮಿ.ಮೀ. ಅಲುಗಬೇಕು. ನಿಮ್ಮ ಗಾಡಿಯ ನಿಖರ ಅಳತೆ ಜೊತೆಗೆ ಬಂದ ಪುಸ್ತಕದಲ್ಲಿ ಇರುತ್ತದೆ. ಡಬಲ್ ಸ್ಟ್ಯಾಂಡ್ ಹಾಕಿ, ಚಕ್ರವನ್ನು ನಿಧಾನವಾಗಿ ತಿರುಗಿಸುತ್ತ, ಅತಿ ಬಿಗಿಯಾದ ಜಾಗ ಹುಡುಕಿ ಅಲ್ಲಿ ಆ ಅಳತೆ ಇಡಿ. ಸಡಿಲವಾದ ಜಾಗದಲ್ಲಿ ಅಳತೆ ಇಟ್ಟರೆ ಬಿಗಿಯಾದ ಜಾಗದಲ್ಲಿ ಪ್ರಾಣ ಹೋಗುತ್ತದೆ. ಆಮೇಲೆ ಕ್ಯಾನು ಕಟ್ಟಿ, ನೀವೂ ಕುಳಿತು, ಮನೆಯವರಿಂದ ಒಮ್ಮೆ ಕಡ್ಡಿಯಲ್ಲಿ ಚೈನನ್ನು ತಳ್ಳಿಸಿ ನೋಡಿ. ಆ ಭಾರದಲ್ಲೂ ಅದು ಸ್ವಲ್ಪ ಅಲುಗಬೇಕು, ಅಲುಗದಿದ್ದರೆ ಬಿಗಿ ಹೆಚ್ಚಾಗಿದೆ.

ಇನ್ನೊಂದು ಮಾತು. ಹಿಂದೆ ಡ್ರಮ್ ಬ್ರೇಕ್ ಇದ್ದರೆ, ಚಕ್ರ ಹಿಂದಕ್ಕೆ ಸರಿದಷ್ಟೂ ಬ್ರೇಕ್ ಕಡ್ಡಿ ಬಿಗಿಯಾಗಿ ಬ್ರೇಕ್ ಹಿಡಿದುಕೊಳ್ಳುತ್ತದೆ. ಚೈನು ಮುಟ್ಟಿದ ದಿನವೇ ಬ್ರೇಕ್ ಪೆಡಲನ್ನೂ ಸರಿಪಡಿಸಿ. ಗಾಡಿ ಎಳೆಯುತ್ತಿಲ್ಲ, ಮೈಲೇಜ್ ಬಿದ್ದಿದೆ ಎಂದು ದೂರು ತಂದವರ ಗಾಡಿಯಲ್ಲಿ ಎಷ್ಟೋ ಸಲ ಆ ಬ್ರೇಕ್ ಕಡ್ಡಿಯ ನಟ್ಟೊಂದನ್ನು ಎರಡು ಸುತ್ತು ಸಡಿಲಿಸಿ ಕಳಿಸಿದ್ದೇನೆ.

ಶಾಲೆಗೆ ದಿನಕ್ಕೆ 28 ಕಿ.ಮೀ. ಓಡಾಟ. ನಮ್ಮದು ಎರೆ ಮಣ್ಣು, ಮಳೆ ಬಂದರೆ ಚಕ್ರವೇ ತಿರುಗದಷ್ಟು ಮೆತ್ತಿಕೊಳ್ಳುತ್ತದೆ. ಸರ್ವಿಸ್ ಮಾಡುವವರು ಎಂಜಿನ್ನಿನ ಹಳೆಯ ಆಯಿಲನ್ನೇ ಚೈನಿಗೆ ಸುರಿಯುತ್ತಾರೆ. ಅದು ಸರಿಯೇ? ಗ್ರೀಸ್ ಹಚ್ಚಬಹುದೇ?
— ಶಿಕ್ಷಕಿ, ಗದಗ ಜಿಲ್ಲೆ

ಮೇಡಂ, ಹಳೆಯ ಆಯಿಲ್ ಏನೂ ಇಲ್ಲದ್ದಕ್ಕಿಂತ ವಾಸಿ, ಅದಕ್ಕಿಂತ ಹೆಚ್ಚಿನ ಮರ್ಯಾದೆ ಅದಕ್ಕೆ ಬೇಡ. ಎಂಜಿನ್ನಿನೊಳಗೆ ಸವೆದ ಲೋಹದ ಪುಡಿ, ಮಸಿ ಎಲ್ಲವೂ ಅದರಲ್ಲಿ ತೇಲುತ್ತಿರುತ್ತದೆ. ಗ್ರೀಸ್ ಇನ್ನೂ ಕೆಟ್ಟದು. ದಪ್ಪವಾದ್ದರಿಂದ ಪಿನ್ನಿನವರೆಗೆ ಇಳಿಯುವುದೇ ಇಲ್ಲ, ಹೊರಗೆ ಕೂತು ನಿಮ್ಮ ಎರೆ ಮಣ್ಣನ್ನು ಕರೆದು ಕೂರಿಸಿಕೊಳ್ಳುತ್ತದೆ. ಆ ಮಿಶ್ರಣ ಸಾಣೆಕಲ್ಲಿಗೆ ಸಮ.

ನಿಮ್ಮ ಊರಿನಲ್ಲಿ ಟ್ರ್ಯಾಕ್ಟರ್ ಇರುವ ಯಾರನ್ನಾದರೂ ಕೇಳಿ, 90 ನಂಬರಿನ ಗೇರ್ ಆಯಿಲ್ ಇರುತ್ತದೆ. ಕಾಲು ಲೀಟರ್ ಬೇಡಿ ತಂದರೆ ಒಂದು ವರ್ಷ ಬರುತ್ತದೆ. ಬೆಲೆಬಾಳುವ ಸ್ಪ್ರೇ ಡಬ್ಬಿಗಳು ಕೆಟ್ಟವಲ್ಲ, ಅಂಟಿಕೊಂಡು ನಿಲ್ಲುತ್ತವೆ, ಬಟ್ಟೆಗೆ ಸಿಡಿಯುವುದು ಕಡಿಮೆ. ಸೀರೆ ಉಡುವವರಿಗೆ ಅದೂ ಒಂದು ಲೆಕ್ಕವೇ.

ಶನಿವಾರ ಶಾಲೆ ಬಿಟ್ಟು ಬಂದ ಮೇಲೆ ಮಾಡಿ, ಓಡಿ ಬಂದ ಚೈನು ಬೆಚ್ಚಗಿರುತ್ತದೆ, ಎಣ್ಣೆ ಸಲೀಸಾಗಿ ಒಳಗಿಳಿಯುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್ಷನ್ನು ಸೀಮೆಎಣ್ಣೆಯಲ್ಲಿ ಅದ್ದಿ ಮಣ್ಣು ತೆಗೆಯಿರಿ. ಬಟ್ಟೆಯಿಂದ ಒರೆಸಿ, ಒಣಗಲು ಬಿಡಿ. ಆಮೇಲೆ ಕೆಳಗಿನ ಸಾಲಿನ ಒಳಮೈಗೆ, ಅಂದರೆ ಸ್ಪ್ರಾಕೆಟ್ಟಿನ ಹಲ್ಲು ತಾಗುವ ಬದಿಗೆ, ಚಕ್ರ ಕೈಯಿಂದ ತಿರುಗಿಸುತ್ತ ಎಣ್ಣೆ ಹನಿಸಿ. ಚಕ್ರ ಓಡುವಾಗ ಎಣ್ಣೆ ಹೊರಮೈ ಕಡೆಗೆ ಸರಿಯುವುದರಿಂದ ರೋಲರುಗಳ ಮೂಲಕ ಹಾದುಹೋಗುತ್ತದೆ. ರಾತ್ರಿಯಿಡೀ ಬಿಟ್ಟು ಮಾರನೆಯ ದಿನ ಹೊರಮೈಯ ಹೆಚ್ಚುವರಿ ಎಣ್ಣೆಯನ್ನು ಒರೆಸಿಬಿಡಿ. ಒಣ ದಿನಗಳಲ್ಲಿ 500 ಕಿ.ಮೀ.ಗೊಮ್ಮೆ ಸಾಕು, ನಿಮ್ಮ ಲೆಕ್ಕದಲ್ಲಿ ಮೂರು ವಾರ. ಮಳೆಯಲ್ಲಿ ನೆನೆದ ವಾರ ಅದನ್ನು ಕಾಯಬೇಡಿ. ಚೈನು ಪೂರ್ತಿ ಮುಚ್ಚಿದ ಕವರ್ ಇರುವ ಬೈಕಾದರೆ ನೀವು ಪುಣ್ಯವಂತರು, ಅದನ್ನು "ಭಾರ" ಎಂದು ಕಿತ್ತೊಗೆಯುವ ಹುಡುಗರ ಮಾತು ಕೇಳಬೇಡಿ.

ಒಂದು ಎಚ್ಚರಿಕೆ ಮಾತ್ರ ಕಟ್ಟುನಿಟ್ಟು. ಬೇಗ ಆಗಲಿ ಎಂದು ಎಂಜಿನ್ ಚಾಲೂ ಮಾಡಿ, ಗೇರಿಗೆ ಹಾಕಿ, ತಿರುಗುವ ಚೈನಿಗೆ ಬಟ್ಟೆ ಹಿಡಿಯಬಾರದು. ನಮ್ಮ ಬೀದಿಯ ಹುಡುಗನೊಬ್ಬನ ತೋರುಬೆರಳಿನ ತುದಿ ಹೀಗೆಯೇ ಹೋಯಿತು. ಬಟ್ಟೆಯ ಅಂಚು ಹಲ್ಲಿಗೆ ಸಿಕ್ಕಿದ ಮೇಲೆ ಕೈ ಬಿಡಲು ಸಮಯವಿರುವುದಿಲ್ಲ.

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಒಂದೇ ಬೈಕಿಗೆ ಮೂರು ಬೆಲೆಯ ಚೈನ್ ಸೆಟ್ ತೋರಿಸಿದರು. ಯಾವುದನ್ನು ಕೊಳ್ಳಲಿ? ಓ-ರಿಂಗ್ ಇರುವುದಕ್ಕೆ ದುಡ್ಡು ಹಾಕುವುದು ವ್ಯರ್ಥವೇ?
— ಬ್ಯಾಂಕ್ ನೌಕರ, ಬೆಂಗಳೂರು

ಮೊದಲು ನಿಮ್ಮ ಹಳೆಯ ಚೈನಿನ ಸಂಖ್ಯೆ, ಕೊಂಡಿಗಳ ಎಣಿಕೆ, ಮುಂದೆ ಹಿಂದೆ ಎಷ್ಟು ಹಲ್ಲು ಎಂಬುದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಬೈಕಿನ ಹೆಸರು ಹೇಳಿದರೆ ಸಾಲದು, ಒಂದೇ ಹೆಸರಿನ ಬೈಕಿಗೆ ವರ್ಷ ಬದಲಾದಂತೆ ಹಲ್ಲಿನ ಲೆಕ್ಕವೂ ಬದಲಾಗುವುದುಂಟು. ಬೈಕ್ ಕಂಪನಿಯದೇ ಸೆಟ್, ಅಥವಾ ಕೊಯಮತ್ತೂರಿನ ಎಲ್‌ಜಿಬಿಯವರ ರೋಲಾನ್, ಮುರುಗಪ್ಪ ಸಮೂಹದ ಡೈಮಂಡ್, ಇವುಗಳಲ್ಲಿ ಯಾವುದಾದರೂ ಸರಿ. ನನ್ನ ಅಂಗಡಿಯಲ್ಲಿ ಇವೆಲ್ಲವನ್ನೂ ಹಾಕುತ್ತೇನೆ. ಬಿಲ್ ಕೊಡದವರ ಬಳಿ ಮಾತ್ರ ಯಾವುದನ್ನೂ ಕೊಳ್ಳಬೇಡಿ. ಕೊಳ್ಳುವಾಗ ಚೈನಿನ ಪ್ರತಿ ಪಟ್ಟಿಯ ಮೇಲೂ ಅಚ್ಚು ಸ್ಪಷ್ಟವಾಗಿದೆಯೇ, ಚೈನನ್ನು ಅಡ್ಡಕ್ಕೆ ಹಿಡಿದು ನೀಡಿದರೆ ಹಾವಿನಂತೆ ಪಕ್ಕಕ್ಕೆ ಬಾಗುತ್ತದೆಯೇ ನೋಡಿ. ಹೊಸ ಚೈನು ಪಕ್ಕಕ್ಕೆ ಹೆಚ್ಚು ಬಾಗಬಾರದು.

ಓ-ರಿಂಗ್ ವ್ಯರ್ಥವಲ್ಲ. ಕಾರ್ಖಾನೆಯಲ್ಲಿ ಪಿನ್ನಿಗೂ ಬುಷ್ಷಿಗೂ ನಡುವೆ ತುಂಬಿದ ಗ್ರೀಸನ್ನು ಆ ರಬ್ಬರ್ ಬಳೆಗಳು ಒಳಗೇ ಹಿಡಿದಿಡುತ್ತವೆ, ಸವೆತ ಶುರುವಾಗುವುದು ಅಲ್ಲಿಯೇ ತಾನೇ. ಆದರೆ ಪೆಟ್ರೋಲಿನಲ್ಲಿ ತೊಳೆದರೆ, ತಂತಿ ಬ್ರಷ್ಷಿನಲ್ಲಿ ಉಜ್ಜಿದರೆ, ವಾಟರ್ ಸರ್ವಿಸ್ ಗನ್ನನ್ನು ಹತ್ತಿರ ಹಿಡಿದು ಹೊಡೆಸಿದರೆ ಬಳೆಗಳು ಹಾಳು, ದುಡ್ಡೂ ಹಾಳು. ಹೊರಗಿನ ರೋಲರಿಗೆ ಎಣ್ಣೆ ಇದಕ್ಕೂ ಬೇಕು. ಈ ಚೈನು ಅಗಲದಲ್ಲಿ ತುಸು ಹೆಚ್ಚು, ಹಾಕಿದ ಮೇಲೆ ಕವರಿಗೆ ತಾಗುತ್ತಿದೆಯೇ ಗಮನಿಸಿ.

ಮೈಲೇಜ್ ಹೆಚ್ಚಿಸಲು ಮುಂದಿನ ಸ್ಪ್ರಾಕೆಟ್ಟಿನಲ್ಲಿ ಒಂದು ಹಲ್ಲು ಜಾಸ್ತಿ ಹಾಕಬಹುದೇ? ಈಗ ಮುಂದೆ 14, ಹಿಂದೆ 42 ಇದೆ.
— ವಿದ್ಯಾರ್ಥಿ, ದಾವಣಗೆರೆ

ಈಗ ಎಂಜಿನ್ ಕಡೆಯ ಮೂರು ಸುತ್ತಿಗೆ ಚಕ್ರ ಒಂದು ಸುತ್ತು. 15 ಹಾಕಿದರೆ 2.8 ಸುತ್ತಿಗೆ ಒಂದು. ಅದೇ ವೇಗದಲ್ಲಿ 5,000 ತಿರುಗುತ್ತಿದ್ದ ಎಂಜಿನ್ 4,667 ತಿರುಗುತ್ತದೆ. ದಾವಣಗೆರೆಯಿಂದ ಹರಿಹರಕ್ಕೆ ಹೆದ್ದಾರಿಯಲ್ಲಿ ಒಬ್ಬನೇ ಹೋಗುವವನಾದರೆ ಹಿತವಾಗಿರುತ್ತದೆ. ಹಿಂದೆ ಗೆಳೆಯನನ್ನು ಕೂರಿಸಿಕೊಂಡು ಏರು ಹತ್ತುವಾಗ ಗೇರ್ ಇಳಿಸುತ್ತಲೇ ಇರಬೇಕು, ಕ್ಲಚ್ ಪ್ಲೇಟೂ ಬೇಗ ಸವೆಯುತ್ತದೆ, ಉಳಿಸಿದ ಪೆಟ್ರೋಲು ಅಲ್ಲಿ ಹೋಗುತ್ತದೆ. ಇದ್ದದ್ದು ಇರಲಿ ತಮ್ಮಾ. ಟೈರಿನ ಗಾಳಿ ನೋಡಿಸಿದ್ದೀಯಾ, ಅದನ್ನು ಮೊದಲು ಹೇಳು.

ನಿವೃತ್ತನಾಗಿದ್ದೇನೆ, ಸಮಯವಿದೆ, ಹತಾರಗಳಿವೆ. ಚೈನ್ ಸೆಟ್ಟನ್ನು ಮನೆಯಲ್ಲೇ ಹಾಕಿಕೊಳ್ಳಬೇಕೆಂದಿದ್ದೇನೆ. ಎಲ್ಲಿ ಎಚ್ಚರ ಬೇಕು?
— ನಿವೃತ್ತ ಲೈನ್‌ಮನ್, ಹಾಸನ

ಕಂಬ ಹತ್ತಿದವರಿಗೆ ಇದು ದೊಡ್ಡ ಕೆಲಸವಲ್ಲ. ಮುಂದಿನ ಸ್ಪ್ರಾಕೆಟ್ಟಿನ ಬೋಲ್ಟುಗಳನ್ನು ಹಳೆಯ ಚೈನು ಇರುವಾಗಲೇ, ಗೇರಿನಲ್ಲಿಟ್ಟು, ಹಿಂದಿನ ಬ್ರೇಕ್ ಒತ್ತಿ ಹಿಡಿದು ಸಡಿಲಿಸಿಕೊಳ್ಳಿ. ಚೈನು ತೆಗೆದ ಮೇಲೆ ಸ್ಪ್ರಾಕೆಟ್ ಸುಮ್ಮನೆ ಸುತ್ತುತ್ತದೆ, ಬೋಲ್ಟು ನಗುತ್ತದೆ. ಸ್ವಿಂಗ್ ಆರ್ಮಿನ ಎರಡೂ ಬದಿಯ ಗುರುತು ಒಂದೇ ಗೆರೆಗೆ ಬರಲಿ, ಆದರೆ ಹಿಂದಿನಿಂದ ಕಣ್ಣು ಕಿರಿದಾಗಿಸಿ ಚೈನು ನೇರವಾಗಿದೆಯೇ ಎಂದೂ ನೋಡಿ.

ಚೈನಿನ ಎರಡು ತುದಿ ಸೇರಿಸುವ ಚೈನ್ ಲಾಕಿನ ಬಗ್ಗೆ ನನ್ನದೇ ಒಂದು ಕಥೆ. ಕೆಲಸಕ್ಕೆ ಸೇರಿದ ಎರಡನೇ ವರ್ಷ, ಅವಸರದಲ್ಲಿ ಲಾಕನ್ನು ತಿರುಗುಮುರುಗಾಗಿ ಕೂರಿಸಿ ಕಳಿಸಿದ್ದೆ. ಆಗುಂಬೆ ಘಾಟಿಯ ಏಳನೆಯದೋ ಎಂಟನೆಯದೋ ತಿರುವಿನಲ್ಲಿ ಲಾಕ್ ಎಗರಿ, ಚೈನು ಹಾವಿನಂತೆ ರಸ್ತೆಯ ಮೇಲೆ ಬಿತ್ತಂತೆ. ಗಾಡಿಯವರು ಮಳೆಯಲ್ಲಿ ಮೇಲಿನವರೆಗೆ ತಳ್ಳಿಕೊಂಡು ಬಂದಿದ್ದರು. ಚೈನು ಎಂಜಿನ್ ಕೇಸಿಗೆ ಬಡಿದು ಅದನ್ನು ಒಡೆದಿರಲಿಲ್ಲ, ಚಕ್ರಕ್ಕೆ ಸಿಕ್ಕಿ ಬಿಗಿದಿರಲಿಲ್ಲ, ನನ್ನ ಅದೃಷ್ಟ. ಅವರು ಬೈಯಲಿಲ್ಲ. ನನ್ನ ಮುಂದೆ ಕುಳಿತು ಒದ್ದೆ ಬಟ್ಟೆಯಲ್ಲೇ ಚಹಾ ಕುಡಿದರು. ಬೈದಿದ್ದರೆ ಮರೆತಿರುತ್ತಿದ್ದೆನೇನೋ.

ಮೀನಿನಾಕಾರದ ಆ ಲಾಕಿನ ಮುಚ್ಚಿದ ತಲೆ ಚೈನು ಓಡುವ ದಿಕ್ಕಿಗೆ ಇರಬೇಕು, ಸೀಳಿದ ಬಾಲ ಹಿಂದಕ್ಕೆ. ಮೇಲಿನ ಸಾಲಿನಲ್ಲಿ ಕೂರಿಸುವುದಾದರೆ ತಲೆ ಎಂಜಿನ್ ಕಡೆಗೆ. ಕೆಳಗಿನ ಸಾಲಿನಲ್ಲಾದರೆ ತಲೆ ಹಿಂದಿನ ಚಕ್ರದ ಕಡೆಗೆ. ಮೇಲಿನ ಸಾಲಿನಲ್ಲೇ ಕೂರಿಸಿ, ಗೊಂದಲವಿರುವುದಿಲ್ಲ. ಹಳೆಯ ಲಾಕನ್ನು ಮತ್ತೆ ಬಳಸಬೇಡಿ. ಮೊದಲ ಇನ್ನೂರು ಮುನ್ನೂರು ಕಿ.ಮೀ. ಆದ ಮೇಲೆ ಸಡಿಲ ಎಷ್ಟಿದೆ ಎಂದು ಒಮ್ಮೆ ನೋಡಿ, ಹೊಸ ಚೈನು ಕೂರುವಾಗ ತುಸು ಬಿಡುತ್ತದೆ.

ಬೈಕು ನಾಲ್ಕು ತಿಂಗಳು ಸಮುದ್ರದ ಬದಿಯ ಮನೆಯಲ್ಲಿ ನಿಂತಿತ್ತು. ಚೈನು ತುಕ್ಕು ಹಿಡಿದು ಅಲ್ಲಲ್ಲಿ ಮಡಚಿಕೊಂಡಿದೆ. ಕೊಬ್ಬರಿ ಎಣ್ಣೆ ಹಾಕಿದೆ, ಪ್ರಯೋಜನವಾಗಲಿಲ್ಲ.
— ಓದುಗರು, ಕಾರವಾರ

ಕೊಬ್ಬರಿ ಎಣ್ಣೆ ತಲೆಗೆ, ಮೀನಿನ ಸಾರಿಗೆ ಇರಲಿ. ಚೈನಿಗೆ ಅದು ಒಗ್ಗುವುದಿಲ್ಲ. ಚೈನನ್ನು ಬಿಚ್ಚಿ ಒಂದು ರಾತ್ರಿ ಸೀಮೆಎಣ್ಣೆಯಲ್ಲಿ ನೆನೆಸಿ, ಬೆಳಿಗ್ಗೆ ಪ್ರತಿ ಕೊಂಡಿಯನ್ನೂ ಕೈಯಲ್ಲಿ ಬಾಗಿಸಿ ನೋಡಿ. ಬರೀ ಮೇಲ್ಮೈ ತುಕ್ಕಾದರೆ ಎಲ್ಲ ಕೀಲೂ ಬಿಡುತ್ತವೆ, ಒಣಗಿಸಿ ಗೇರ್ ಆಯಿಲ್ ಹಾಕಿ ಓಡಿಸಬಹುದು. ಒಂದೆರಡು ಕೀಲು ಮಡಚಿದಂತೆಯೇ ನಿಂತರೆ ಒಳಗಿನ ಪಿನ್ನು ತಿಂದುಹೋಗಿದೆ. ಅಂತಹ ಚೈನನ್ನು ಬೈಕಿಗೆ ಹಾಕಬೇಡಿ, ಎಸೆಯಲೂ ಬೇಡಿ. ಹಿತ್ತಲಿನ ಗೇಟಿಗೆ ಸುತ್ತಿ ಬೀಗ ಹಾಕಲು ಚೆನ್ನಾಗಿರುತ್ತದೆ. ನಮ್ಮ ಮನೆಯ ಗೇಟಿನಲ್ಲಿರುವುದೂ ಅದೇ, 263 ಮಿ.ಮೀ.